ಉಷ್ಣ ಅಂತ ಸುಮ್ನಿರಬೇಡಿ

ಮೈಸೂರಿನ ಒಂದು ಆಸ್ಪತ್ರೆಯ ಎಂಡೋಸ್ಕೋಪಿ ರೂಮಿನಲ್ಲಿ ನಾನು ನರ್ಸ್. ಮಲದಲ್ಲಿ ರಕ್ತ ಹೋಗುತ್ತಿದೆ ಎಂದು ಬರುವವರನ್ನು ಎಷ್ಟು ದಿನದಿಂದ ಎಂದು ಕೇಳಿದರೆ, ಹೆಚ್ಚಿನವರು ತಿಂಗಳುಗಟ್ಟಲೆ ಲೆಕ್ಕ ಹೇಳುತ್ತಾರೆ. "ಉಷ್ಣ ಅಂದ್ಕೊಂಡೆ ಸಿಸ್ಟರ್, ಎಳನೀರು ಕುಡಿದೆ, ಮೆಂತ್ಯ ನೆನೆಸಿ ತಿಂದೆ." ಇಲ್ಲವೇ ಮೆಡಿಕಲ್ ಶಾಪಿನಿಂದ ತಂದ ಮೂಲವ್ಯಾಧಿಯ ಮುಲಾಮು. ಎಷ್ಟೋ ಜನಕ್ಕೆ ಅದು ನಿಜವಾಗಿಯೂ ಮೂಲವ್ಯಾಧಿಯೇ. ಆದರೆ ಒಳಗೆ ನೋಡದೆ ಹಾಗೆ ಹೇಳಲಾಗದು. ಮೂಲವ್ಯಾಧಿ ಇದ್ದವರಿಗೇ ಮೇಲೆ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆಯೂ ಇರಬಹುದು.

ನಂಜನಗೂಡು ಕಡೆಯ ಯಜಮಾನರೊಬ್ಬರು ಬಂದಿದ್ದರು. ಅವರಿಗೆ ರಕ್ತ ಕಣ್ಣಿಗೆ ಕಂಡೇ ಇರಲಿಲ್ಲ. ಗದ್ದೆ ತನಕ ನಡೆದರೆ ಏದುಸಿರು, ಅಷ್ಟೇ. ಟಾನಿಕ್ ಕುಡಿದಾಗ ಹಿಮೋಗ್ಲೋಬಿನ್ ಏರುವುದು, ಬಿಟ್ಟರೆ ಇಳಿಯುವುದು. ಗಡ್ಡೆ ದೊಡ್ಡ ಕರುಳಿನ ಬಲಭಾಗದಲ್ಲಿತ್ತು. ಅಲ್ಲಿ ರಕ್ತ ಸ್ವಲ್ಪ ಸ್ವಲ್ಪವೇ ಸೋರಿ ಮಲದಲ್ಲಿ ಬೆರೆತುಹೋಗುತ್ತದೆ. ವಯಸ್ಸಾದ ಗಂಡಸರಿಗೆ ಕಬ್ಬಿಣಾಂಶ ಕಮ್ಮಿಯಾದರೆ ದಯವಿಟ್ಟು ಕಾರಣ ಹುಡುಕಿಸಿ. ಟಾನಿಕ್ ಒಂದೇ ಸಾಲದು.

ನನಗೆ ಸಂಕಟವಾಗುವುದು ಇದಕ್ಕೇ: ಕರುಳಿನ ಕ್ಯಾನ್ಸರ್ ನಮಗೆ ಬೇಕಾದಷ್ಟು ಸಮಯ ಕೊಡುತ್ತದೆ. ಹೆಚ್ಚಿನವರಲ್ಲಿ ಅದು ಶುರುವಾಗುವುದು ಪಾಲಿಪ್ ಎಂಬ ಸಣ್ಣ ಗಂಟಿನಿಂದ. ಎಲ್ಲ ಪಾಲಿಪ್ಪೂ ಕೆಡುವುದಿಲ್ಲ. ಕೆಡುವುದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಬೇಕು. ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿಯಲ್ಲಿ ಪಾಲಿಪ್ ಕಂಡರೆ ಡಾಕ್ಟರು ತಂತಿಯ ಕುಣಿಕೆ ಹಾಕಿ ಹೆಚ್ಚಿನವನ್ನು ಆಗಲೇ ತೆಗೆದುಬಿಡುತ್ತಾರೆ. ಕ್ಯಾನ್ಸರ್ ಹುಟ್ಟುವ ಮೊದಲೇ ಮುಗಿಯಿತು, ಅಲ್ವಾ?

ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ಕರುಳಿನ ಕ್ಯಾನ್ಸರ್ ತಪಾಸಣೆ ಶುರು ಮಾಡುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ನಮ್ಮ ಸರ್ಕಾರಿ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಇವೆ, ಕರುಳಿನದಿಲ್ಲ. ಹಾಗಾಗಿ ನಾವೇ ಡಾಕ್ಟರನ್ನು ಕೇಳಬೇಕು. ಮಲದಲ್ಲಿ ಕಾಣದ ರಕ್ತ ಪತ್ತೆಹಚ್ಚುವ ಫಿಟ್ ಪರೀಕ್ಷೆಯಿಂದಲೂ ಶುರು ಮಾಡಬಹುದು. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ 40ಕ್ಕೇ, ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲೇ, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು.

ಜನಕ್ಕೆ ಕಷ್ಟವಾಗುವುದು ಕೊಲೊನೋಸ್ಕೋಪಿಯ ಹಿಂದಿನ ದಿನ, ಕರುಳು ಖಾಲಿಯಾಗಬೇಕಲ್ಲ. ರಾಗಿ, ಸೊಪ್ಪು ಬೇಡ. ಗಂಜಿಯ ತಿಳಿ, ಎಳನೀರು ಸಾಕು. ಭೇದಿಯ ಪುಡಿ ಕಲಸಿದ ನೀರನ್ನು ತಣ್ಣಗೆ ಮಾಡಿಕೊಂಡರೆ ಕುಡಿಯುವುದು ಸುಲಭ. ಹೆಣ್ಣುಮಕ್ಕಳು "ಒಳಗೆ ಯಾರಿರ್ತಾರೆ?" ಎಂದು ಮೆಲ್ಲಗೆ ಕೇಳುತ್ತಾರೆ. ನಾನಿರ್ತೀನಮ್ಮ. ಮೈತುಂಬ ಹೊದಿಸಿರುತ್ತೇವೆ, ಮಂಪರಿಗೆ ಇಂಜೆಕ್ಷನ್ ಕೊಡುತ್ತೇವೆ. ಜೊತೆಗೆ ಮನೆಯವರೊಬ್ಬರನ್ನು ಕರೆತನ್ನಿ, ಅವತ್ತು ನೀವು ಗಾಡಿ ಓಡಿಸುವ ಹಾಗಿಲ್ಲ.