ಏಳನೇ ಟೇಪು: 'ಪರ್ಪಲ್ ಹೊಸದು'

ಮೊದಲ ಭಾನುವಾರ

ಹಳೇ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಏಳನೇ ಟೇಪಿಗೆ ಬಂದು ನಿಂತಿದೆ. ತೊಂಬತ್ತು ನಿಮಿಷದ ಟೇಪು. ಚೀಟಿಯ ಮೇಲೆ ಗೆಳೆಯನ ಅಕ್ಷರದಲ್ಲಿ 'ಪರ್ಪಲ್ ಹೊಸದು' ಅಂತಿದೆ. ಅದರ ಕೆಳಗೆ ನನ್ನ ಅಕ್ಷರ: 'ಬಿ ಸೈಡ್ ಕೊನೆಗೆ ಪ್ರಾಕ್ಟೀಸ್'. ನನಗೆ ಬೇಕಾಗಿರುವುದು ಆ ಪ್ರಾಕ್ಟೀಸ್ ಮಾತ್ರ. ಕಾಲೇಜಿನಲ್ಲಿ ನಾವು ನಾಲ್ಕು ಜನ ಬ್ಯಾಂಡ್ ಅಂತ ಒಂದು ಕಟ್ಟಿಕೊಂಡಿದ್ದೆವು. ಅದರ ಗುರುತು ಅಂತ ಉಳಿದಿರುವುದು ಈ ಅರ್ಧ ಗಂಟೆ ಅಷ್ಟೇ.

'ಪರ್ಪಲ್ ಹೊಸದು' ಅಂದರೆ ಬ್ರಿಟಿಷ್ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ 'ಪರ್ಪೆಂಡಿಕ್ಯುಲರ್', 1996ರ ಆಲ್ಬಂ. ಗೆಳೆಯ ಸಿಡಿಯಿಂದ ಟೇಪಿಗೆ ಹಾಕಿಕೊಟ್ಟಿದ್ದ. ಎರಡು ಸಲ ಕೇಳಿ, ಹಳೇ ಗಿಟಾರಿಸ್ಟ್ ಬ್ಲ್ಯಾಕ್‌ಮೋರ್ ಇಲ್ಲದ ಪರ್ಪಲ್ ಯಾವ ಸೀಮೆ ಪರ್ಪಲ್ ಅಂತ ಎತ್ತಿಟ್ಟಿದ್ದೆ. ಕೊನೆಗೆ ಉಳಿದ ಖಾಲಿ ಜಾಗದಲ್ಲಿ ನಮ್ಮ ಗದ್ದಲ ತುಂಬಿಸಿದೆವು.

ಡೆಕ್‌ಗೆ ಹಾಕಿ ಪ್ಲೇ ಒತ್ತಿದರೆ, ಯಾರೋ ಕಂಬಳಿ ಹೊದ್ದುಕೊಂಡು ಹಾಡುತ್ತಿರುವ ಹಾಗೆ ದನಿ. ಬರುತ್ತದೆ, ಹೋಗುತ್ತದೆ. ಟೇಪಿನಿಂದ ದನಿ ಓದುವ ಹೆಡ್ ಕೊಳೆಯಾಗಿರಬೇಕು ಅಂತ ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದೆ. ಏನೂ ಬದಲಾಗಲಿಲ್ಲ. ಕ್ಯಾಸೆಟ್ಟನ್ನೇ ತಿರುಗಿಸಿ ನೋಡಿದಾಗ ಗೊತ್ತಾಯಿತು. ಅದರ ಬಾಯಿಯ ನಟ್ಟನಡುವೆ, ಟೇಪಿನ ಹಿಂದೆ, ಒಂದು ತೆಳು ಲೋಹದ ಪಟ್ಟಿ ಇರುತ್ತದೆ. ಅದರ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಫೆಲ್ಟ್ ತುಂಡು. ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವುದು ಅದರ ಕೆಲಸ. ಅಂಟು ಒಣಗಿ ಅದು ಉದುರಿಹೋಗಿದೆ. ಕ್ಯಾಸೆಟ್ ಅಲ್ಲಾಡಿಸಿದರೆ ಒಳಗೆ ಟಿಕ್ ಟಿಕ್ ಅನ್ನುತ್ತದೆ, ಪಾಪ.

ಇವತ್ತಿಗೆ ಇಷ್ಟೇ.

ಎರಡನೇ ಭಾನುವಾರ

ಫೆಲ್ಟನ್ನು ಮತ್ತೆ ಅಂಟಿಸಬಹುದಿತ್ತು. ಆದರೆ ಅಂಟು ಟೇಪಿಗೆ ತಾಗಿದರೆ ಕಥೆ ಮುಗಿಯಿತು. ಅದಕ್ಕೇ ರೀಲುಗಳನ್ನೇ ಎತ್ತಿ ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಹಾಕುವುದು ಅಂತ ನಿರ್ಧರಿಸಿದೆ. ಐದು ಸ್ಕ್ರೂ. ಮೇಲಿನ ಅರ್ಧವನ್ನು ನಿಧಾನವಾಗಿ, ನೇರವಾಗಿ ಎತ್ತಬೇಕು. ನಾನು ಓರೆ ಎತ್ತಿದೆ. ಮೂಲೆಯ ಪುಟ್ಟ ರೋಲರ್ ಹಾರಿ ಮೇಜಿನ ಕೆಳಗೆ ಸೇರಿತು. ಹತ್ತು ನಿಮಿಷ ಟಾರ್ಚ್ ಹಿಡಿದು ಮಂಡಿಯೂರಿ ಹುಡುಕಿದ ಮೇಲೆ, ಹೊಸ ಕವಚಕ್ಕೆ ಅದರದ್ದೇ ರೋಲರ್ ಇದೆ ಅಂತ ನೆನಪಾಯಿತು.

ರೀಲು ಹಾಕಿದ ಮೇಲೆ ಎರಡೂ ಕಡೆ ಒಮ್ಮೆ ಪೂರ್ತಿ ಸುತ್ತಿಸಿ ಬಿಗಿ ಸಡಿಲ ಮಾಡಿದೆ. ವರ್ಷಗಟ್ಟಲೆ ಸುಮ್ನೆ ಕೂತ ಟೇಪು ಪದರಕ್ಕೆ ಪದರ ಅಂಟಿಕೊಂಡಿರುತ್ತದೆ.

ಆಮೇಲೆ ಹೆಡ್ಡಿನ ಓರೆ ಸರಿಮಾಡುವ ಕೆಲಸ. ಅಜಿಮತ್ ಅಂತಾರೆ. ರೆಕಾರ್ಡ್ ಮಾಡಿದ ಡೆಕ್ಕಿನ ಹೆಡ್ ಯಾವ ಕೋನದಲ್ಲಿತ್ತೋ ಅದೇ ಕೋನ ಸಿಗದಿದ್ದರೆ ಮೇಲಿನ ಸ್ವರಗಳೆಲ್ಲ ಮಸುಕು. ಎಡ-ಬಲ ಎರಡು ಚಾನೆಲನ್ನು ಬೆರೆಸಿ ಮೋನೊ ಮಾಡಿ, ಹೆಡ್ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಬೇಕು. ಡ್ರಮ್ಮರ್ ಇಯಾನ್ ಪೇಸ್‌ನ ಹೈ-ಹ್ಯಾಟ್ ತಾಳಗಳ ಮೇಲೆ ಕಿವಿಯಿಟ್ಟಿದ್ದೆ. ಶ್ ಶ್ ಅನ್ನುತ್ತಿದ್ದದ್ದು ಒಂದು ಕಡೆ ಬಂದಾಗ ತಟ್ಟನೆ ಚಿಕ್ ಚಿಕ್ ಆಯಿತು. ಸ್ಕ್ರೂಡ್ರೈವರ್ ಕೆಳಗಿಟ್ಟೆ. ಆದರೆ ಹೆಡ್‌ಫೋನ್ ತೆಗೆಯಲಿಲ್ಲ. ಪೇಸ್ ಆ ಪುಟ್ಟ ಪುಟ್ಟ ಏಟುಗಳ ನಡುವೆ ಏನೇನೋ ಮಾಡುತ್ತಿದ್ದಾನೆ. ಇದು ನಾನು ಬೇಡ ಅಂದಿದ್ದ ಆಲ್ಬಮ್ಮಾ?

ಟೇಪು ಇಳಿಸುವುದರಲ್ಲಿ ಅವಸರ ನಡೆಯುವುದಿಲ್ಲ. 90 ನಿಮಿಷದ್ದಕ್ಕೆ 90 ನಿಮಿಷವೇ ಬೇಕು. ರೆಕಾರ್ಡಿಂಗನ್ನು 24 ಬಿಟ್, 48 ಕಿಲೋಹರ್ಟ್ಜ್‌ಗೆ ಇಟ್ಟು, ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ ಆರು ಡೆಸಿಬೆಲ್ ದಾಟದ ಹಾಗೆ ನೋಡಿಕೊಂಡು ಎ ಸೈಡ್ ಶುರು ಮಾಡಿದೆ. ಮೀಟರ್ ಕಾಯುತ್ತಾ ಕೂರಬೇಕು. ಹಾಡು ಹಾರಿಸುವ ಹಾಗಿಲ್ಲ. ಸಿಕ್ಕಿಬಿದ್ದೆ.

ಮೊದಲ ಹಾಡು 'ಟೆಡ್ ದ ಮೆಕ್ಯಾನಿಕ್'. ಅದು ಶುರುವಾಗುವ ಒಂದು ಕ್ಷಣ ಮೊದಲೇ ಅದರ ದೆವ್ವ ಕೇಳುತ್ತದೆ. ಅದೇ ಗಿಟಾರ್, ತುಂಬ ದೂರದಿಂದ. ತೊಂಬತ್ತು ನಿಮಿಷದ ಟೇಪು ತೆಳು, ಅಲ್ವಾ. ಸುತ್ತಿಟ್ಟಾಗ ಒಂದು ಪದರದ ಕಾಂತ ಪಕ್ಕದ ಪದರಕ್ಕೆ ಇಳಿದಿರುತ್ತದೆ. ಅದನ್ನು ಅಳಿಸುವುದಿಲ್ಲ, ಹಾಗೇ ಇರಲಿ. ಆಮೇಲೆ ನಿಜವಾದ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು. ಪಿಕ್‌ನಿಂದ ಮೀಟುವಾಗಲೇ ಹೆಬ್ಬೆರಳಿನ ಅಂಚನ್ನು ತಂತಿಗೆ ತಾಗಿಸಿದರೆ ಸ್ವರ ಕೀಚಲು ಶಿಳ್ಳೆಯಾಗಿ ಹಾರುತ್ತದೆ. ಪಿಂಚ್ ಹಾರ್ಮಾನಿಕ್. ಬೇರೆಯವರು ಅದನ್ನು ಉಪ್ಪಿನಕಾಯಿ ಥರ ಬಳಸುತ್ತಾರೆ. ಹೊಸ ಗಿಟಾರಿಸ್ಟ್ ಸ್ಟೀವ್ ಮೋರ್ಸ್ ಇಲ್ಲಿ ಅದನ್ನೇ ಊಟ ಮಾಡಿದ್ದಾನೆ. ನನ್ನ ಗಿಟಾರ್ ತೆಗೆದು ಟ್ರೈ ಮಾಡಿದೆ. ಹತ್ತರಲ್ಲಿ ಮೂರು ಬಿತ್ತು.

ಹಿನ್ನೆಲೆ ಗೊತ್ತಿಲ್ಲದವರಿಗೆ ಚುಟುಕಾಗಿ. ರಿಚಿ ಬ್ಲ್ಯಾಕ್‌ಮೋರ್ 1993ರ ನವೆಂಬರ್‌ನಲ್ಲಿ ಹೆಲ್ಸಿಂಕಿ ಕಾರ್ಯಕ್ರಮ ಮುಗಿಸಿ ಟೂರ್ ನಡುವೆಯೇ ಬಿಟ್ಟುಹೋದ. ಮುಂದೆ ಜಪಾನ್ ಇತ್ತು. ಗಿಟಾರಿಸ್ಟ್ ಜೋ ಸ್ಯಾಟ್ರಿಯಾನಿ ಬಂದು ಬ್ಯಾಂಡಿನ ಮಾನ ಉಳಿಸಿದ, 1994ರ ಯುರೋಪ್ ಟೂರ್ ಕೂಡ ನುಡಿಸಿದ. ಆ ವರ್ಷದ ಕೊನೆಗೆ ಮೋರ್ಸ್ ಸೇರಿದ. ಡಿಕ್ಸಿ ಡ್ರೆಗ್ಸ್, ಕ್ಯಾನ್ಸಸ್ ಬ್ಯಾಂಡ್‌ಗಳಲ್ಲಿ ಪಳಗಿದವನು. ಸ್ವಲ್ಪ ಕಾಲ ವಿಮಾನದ ಪೈಲಟ್ ಕೂಡ ಆಗಿದ್ದ. ಹೊಸ ಹಾಡುಗಳನ್ನು ಮೊದಲು ಜನರ ಮುಂದೆಯೇ ಪಳಗಿಸಿದರು. 1995ರ ಏಪ್ರಿಲ್ 8ರಂದು ಬಾಂಬೆಯಲ್ಲಿ ನುಡಿಸಿದ್ದರ ರೆಕಾರ್ಡಿಂಗ್ ಇದೆ. ಅದರಲ್ಲಿ ಟೆಡ್‌ಗೆ ಇನ್ನೂ 'ಕೆನ್' ಅಂತ ಹೆಸರು! ಆಮೇಲೆ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಕೂತು ಆಲ್ಬಂ ಮಾಡಿದರು. 1984ರಲ್ಲಿ ಮತ್ತೆ ಒಂದಾಗಿ ತಂದ 'ಪರ್ಫೆಕ್ಟ್ ಸ್ಟ್ರೇಂಜರ್ಸ್' ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ 5ನೇ ಜಾಗಕ್ಕೆ ಏರಿತ್ತು. ಇದು 58ಕ್ಕೇ ನಿಂತಿತು. ನನ್ನ ಥರದವರೇ ಜಾಸ್ತಿ ಇದ್ದರು ಅಂತ ಕಾಣುತ್ತದೆ.

ಆಗ ನಾನು ಪ್ರತಿ ಹಾಡಿನಲ್ಲೂ ಇಲ್ಲದವನನ್ನೇ ಹುಡುಕುತ್ತಿದ್ದೆ. ಈಗ ಮೀಟರಿನ ಎರಡು ಹಸಿರು ಕಡ್ಡಿ ನೋಡುತ್ತಾ, ಹಾಡಿನಲ್ಲಿ ಇದ್ದವರ ಕಡೆ ಕಿವಿಗೊಟ್ಟೆ. ಬ್ಲ್ಯಾಕ್‌ಮೋರ್ ಇದ್ದಾಗ ಗಿಟಾರಿಗೂ ಜಾನ್ ಲಾರ್ಡ್‌ನ ಹ್ಯಾಮಂಡ್ ಆರ್ಗನ್ನಿಗೂ ಕುಸ್ತಿ. ಅದರ ಮಜಾ ಬೇರೆ. ಇಲ್ಲಿ ಇಬ್ಬರೂ ಹರಟೆ ಹೊಡೆಯುತ್ತಾರೆ. 'ಕ್ಯಾಸ್ಕೇಡ್ಸ್' ಹಾಡಿನ ನಡುವೆ ಇಬ್ಬರೂ ಒಟ್ಟಿಗೆ, ಒಂದೇ ಉಸಿರಿನಲ್ಲಿ ಓಡುವ ಜಾಗ ಇದೆ. ಟೇಪ್ ನಿಲ್ಲಿಸುವ ಹಾಗಿರಲಿಲ್ಲ, ಇಲ್ಲದಿದ್ದರೆ ಅಲ್ಲೇ ಹಿಂದೆ ಸುತ್ತಿ ಇನ್ನೊಮ್ಮೆ ಕೇಳುತ್ತಿದ್ದೆ.

'ಸಮ್‌ಟೈಮ್ಸ್ ಐ ಫೀಲ್ ಲೈಕ್ ಸ್ಕ್ರೀಮಿಂಗ್' ಬಗ್ಗೆ ನನಗೇ ನಾಚಿಕೆ. ಏಳೂವರೆ ನಿಮಿಷದ ಹಾಡು. ಮೋರ್ಸ್ ಒಬ್ಬನೇ ತಂತಿ ಬಿಡಿಸುತ್ತಾ ಶುರು ಮಾಡುತ್ತಾನೆ. ಇಯಾನ್ ಗಿಲನ್ ಪಕ್ಕದಲ್ಲೇ ಕೂತವರಿಗೆ ಹೇಳುವಷ್ಟು ಮೆಲ್ಲಗೆ ಹಾಡುತ್ತಾನೆ. ಐವತ್ತಾದ ಗಂಟಲು, 'ಚೈಲ್ಡ್ ಇನ್ ಟೈಮ್' ಕಾಲದ ಕೂಗು ಅಲ್ಲ. ಆವತ್ತು ಅದನ್ನೇ ತಪ್ಪು ಅಂತ ಎಣಿಸಿದ್ದೆ. ನನಗೂ ಈಗ ಆ ವಯಸ್ಸು ಹತ್ತಿರ ಬರುತ್ತಿದೆ. ಹೆಸರಲ್ಲಿ ಮಾತ್ರ ಚೀರಾಟ ಇರುವ ಈ ಹಾಡು ಸರಿಯಾಗಿ ಕೇಳಿಸುತ್ತಿದೆ.

'ದಿ ಏವಿಯೇಟರ್' ಅಕೂಸ್ಟಿಕ್ ಗಿಟಾರಿನ ಹಾಡು, ಜಾನಪದದ ವಾಸನೆ ಇದೆ. ಆಗ ನಮ್ಮ ಗುಂಪಿನಲ್ಲಿ ಇದಕ್ಕೆ ನಕ್ಕಿದ್ದೆವು. ಎಲ್ಲವೂ ಚಿನ್ನ ಅಂತೇನೂ ಅಲ್ಲ. 'ಎ ಕಾಸಲ್ ಫುಲ್ ಆಫ್ ರಾಸ್ಕಲ್ಸ್' ಕಾಲೆಳೆದುಕೊಂಡು ಹೋಗುತ್ತದೆ. ಪರ್ಪಲ್‌ನದೇ 1972ರ ಆಲ್ಬಂ 'ಮೆಷಿನ್ ಹೆಡ್' 37 ನಿಮಿಷಕ್ಕೆ ಮುಗಿಯುತ್ತದೆ, ಇದು 62 ನಿಮಿಷ. ಸಿಡಿಯಲ್ಲಿ ಜಾಗ ಇದೆ ಅಂತ ತುಂಬಿಸುವ ಕಾಲ ಅದು. ಎರಡು ಹಾಡು ಕಡಿಮೆ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. 'ಪರ್ಪಲ್'ಗೆ 'ಪರ್ಪೆಂಡಿಕ್ಯುಲರ್' ಬೆರೆಸಿದ ಹೆಸರಿನ ಶ್ಲೇಷೆ ಅಂತೂ ಬಿಡಿ.

45 ನಿಮಿಷ ದಾಟಿದ ಮೇಲೆ 'ಎ ಟಚ್ ಅವೇ' ಹಾಡಿನ ನಡುವೆ ಟಕ್ ಅಂತ ಬಟನ್ ಮೇಲೆದ್ದಿತು. ಎ ಸೈಡ್ ಮುಗಿಯಿತು. ಬಿ ಸೈಡ್ ಮುಂದಿನ ಹಾಡಿನಿಂದ ಶುರು. ಗೆಳೆಯ ಹಾಗೇ ಬಿಟ್ಟಿದ್ದ. ಅಂದರೆ ಈ ಹಾಡಿನ ಉಳಿದರ್ಧವನ್ನು ನಾನು ಇಷ್ಟು ವರ್ಷ ಕೇಳಿಯೇ ಇಲ್ಲ. ರಾತ್ರಿ ಫೋನಿನಲ್ಲಿ ಹುಡುಕಿ ಪೂರ್ತಿ ಕೇಳಿದೆ. ಕತ್ತರಿಸಿದ ಜಾಗ ಬಂದಾಗ ಕೈ ತಾನಾಗಿಯೇ ಟೇಪ್ ತಿರುಗಿಸಲು ಹೊರಟಿತು.

ಮೂರನೇ ಭಾನುವಾರ

ಬಿ ಸೈಡ್. 'ಹೇ ಸಿಸ್ಕೊ' ಉದ್ದ ಜಾಸ್ತಿ. 'ಸಮ್‌ಬಡಿ ಸ್ಟೋಲ್ ಮೈ ಗಿಟಾರ್' ತಮಾಷೆಯಾಗಿದೆ. ಕೊನೆಗೆ ಭಾರವಾಗಿ ತೂಗಾಡುವ 'ವಾಲ್ಟ್ಸ್'. ಹದಿನೈದು ನಿಮಿಷಕ್ಕೆ ಆಲ್ಬಂ ಮುಗಿಯಿತು.

ಒಂದು ಕ್ಲಿಕ್. ಆಮೇಲೆ ಜೋರು ಹಿಸ್. ನಮ್ಮ ಪ್ರಾಕ್ಟೀಸ್. ಮೀಟರ್ ಪೂರ್ತಿ ಕೆಂಪಿಗೆ ಹೋಯಿತು, ಮೈಕನ್ನು ಡ್ರಮ್ ಪಕ್ಕದಲ್ಲೇ ಇಟ್ಟಿದ್ದೆವು ಅಂತ ಕಾಣುತ್ತದೆ. ಲೆವೆಲ್ ಇಳಿಸಿ ಮತ್ತೆ ಶುರು ಮಾಡಿದೆ. ನಾವು ಕೆಟ್ಟದಾಗಿ ನುಡಿಸುತ್ತಿದ್ದೆವು. ಅದು ನೆನಪಿತ್ತು. ಇಷ್ಟು ವೇಗವಾಗಿ ಕೆಟ್ಟದಾಗಿ ನುಡಿಸುತ್ತಿದ್ದೆವು ಅನ್ನುವುದು ಮರೆತಿತ್ತು.

ಹನ್ನೆರಡನೇ ನಿಮಿಷದಲ್ಲಿ ಎರಡು ಹಾಡುಗಳ ನಡುವೆ ಎಲ್ಲರೂ ಶ್ರುತಿ ಮಾಡಿಕೊಳ್ಳುತ್ತಿದ್ದಾರೆ. ಗೆಳೆಯನ ಗಿಟಾರಿನಿಂದ ಕೀಚಲು ಶಿಳ್ಳೆ ಬಂತು. ಒಂದು, ಎರಡು, ಮೂರು. ಟೆಡ್‌ನ ರಿಫ್. ನಾಲ್ಕನೆಯದು ತಪ್ಪಿತು, ಮತ್ತೆ ಮೊದಲಿನಿಂದ ಹಿಡಿದ. ಈ ಸಲ ಪೂರ್ತಿ ಬಂತು. ನನ್ನ ಕೈಯಲ್ಲಿ ಈಗಲೂ ಬರದಿರುವುದು ಅವನ ಕೈಯಲ್ಲಿ ಆಗಲೇ ಬರುತ್ತಿತ್ತು.

ಆಮೇಲೆ ನನ್ನ ದನಿ, ಚೂಪಾಗಿ: "ಲೋ, ಅದ್ ಬಿಡೋ. ಹಳೇದು ಬಾರ್ಸು."

ಎರಡು ಸೆಕೆಂಡ್ ಬರೀ ಹಿಸ್. ಆಮೇಲೆ 'ಸ್ಮೋಕ್ ಆನ್ ದ ವಾಟರ್'.

ಆ ತುಣುಕನ್ನು ಕತ್ತರಿಸಿ ಗೆಳೆಯನಿಗೆ ಕಳಿಸಿದೆ. ಸಂಜೆ ಫೋನ್ ಮಾಡಿದ. "ಎರಡು ವಾರ ಕೂತು ಕಲ್ತಿದ್ದೆ ಕಣೋ ಅದನ್ನ" ಅಂತ ನಕ್ಕ. ನಾನೂ ನಕ್ಕೆ, ಬೇರೇನು ಮಾಡೋದು. ಆಮೇಲೆ ಕೇಳಿದ: "ಆ ಟೇಪಲ್ಲಿ ಒಂದು ಹಾಡು ಅರ್ಧಕ್ಕೇ ಕಟ್ ಆಗಿತ್ತಲ್ವಾ? ಸಿಡಿ ತಗೊಂಡು ಕೇಳು ಅಂತ ಹೇಳಿದ್ದೆ. ಕೇಳಿದ್ಯಾ?"

"ಕೇಳ್ದೆ" ಅಂದೆ. "ಹೋದ ಭಾನುವಾರ."