ಆಲೂಗಡ್ಡೆ ವೈ ವೈರಸ್ ಜೀನೋಮ್ ಹೋಲಿಕೆ: ಒಂದು ಜೀನೋಮಿಗೆ ಎರಡು ವಂಶ

ಸಾರ್ವಜನಿಕ ಭಂಡಾರದಿಂದ ಇಳಿಸಿಕೊಂಡ ಆಲೂಗಡ್ಡೆ ಎಲೆಯ ಆರ್‌ಎನ್‌ಎ ದತ್ತಾಂಶದಿಂದ ವೈರಸ್ಸಿನ ಪೂರ್ಣ ಜೀನೋಮ್ ಕಟ್ಟುವ ಕೆಲಸ ಒಂದು ಹಂತಕ್ಕೆ ಬಂದಿದೆ. ರೀಡ್‌ಗಳಿಗೆ, ಅಂದರೆ ಯಂತ್ರ ಓದಿಕೊಟ್ಟ ಸಣ್ಣ ತುಣುಕುಗಳಿಗೆ, ಅಂಟಿದ್ದ ಕೃತಕ ಸರಣಿಯಾದ ಅಡಾಪ್ಟರ್ ಕತ್ತರಿಸಿ, ಗಿಡದ್ದೇ ಆದ ರೀಡ್‌ಗಳನ್ನು ತೆಗೆದುಹಾಕಿ, ಉಳಿದವನ್ನು ತುಣುಕು ಜೋಡಿಸುವ ಸ್ಪೇಡ್ಸ್ ತಂತ್ರಾಂಶಕ್ಕೆ ಕೊಟ್ಟಾಗ ಸುಮಾರು 9,700 ನ್ಯೂಕ್ಲಿಯೋಟೈಡ್ (ಜೀನೋಮಿನ ಅಕ್ಷರ) ಉದ್ದದ ಒಂದೇ ಕಾಂಟಿಗ್, ಅಂದರೆ ಜೋಡಿಸಿದ ಅಖಂಡ ಸರಣಿ, ದೊರೆಯಿತು. ಆಲೂಗಡ್ಡೆ ವೈ ವೈರಸ್ಸಿನ ಜೀನೋಮ್ ಇರುವುದೂ ಸರಿಸುಮಾರು ಅಷ್ಟೇ.

ಉದ್ದ ಹೊಂದಿತೆಂದು ನಂಬಿಬಿಡುವಂತಿಲ್ಲ. ಈ ಜೀನೋಮ್ ಒಂದೇ ಉದ್ದನೆಯ ಪಾಲಿಪ್ರೋಟೀನನ್ನು ಸಂಕೇತಿಸುತ್ತದೆ, ಅದನ್ನು ವೈರಸ್ಸಿನದೇ ಮೂರು ಪ್ರೋಟಿಯೇಸ್‌ಗಳು (ಪ್ರೋಟೀನ್ ಕತ್ತರಿಸುವ ಕಿಣ್ವಗಳು) ಹತ್ತು ಪ್ರೋಟೀನುಗಳಾಗಿ ಕತ್ತರಿಸುತ್ತವೆ. ಆದ್ದರಿಂದ ನಡುವೆ ಪ್ರೋಟೀನ್ ತಯಾರಿಯನ್ನು ನಿಲ್ಲಿಸುವ ಸ್ಟಾಪ್ ಕೋಡಾನ್ ಇಲ್ಲದಿರುವುದನ್ನೂ ಕತ್ತರಿಸುವ ತಾಣಗಳೆಲ್ಲ ಉಳಿದಿರುವುದನ್ನೂ ಒಂದೊಂದಾಗಿ ನೋಡಿದೆ. 2008ರಲ್ಲಿ ಪತ್ತೆಯಾದ ಪಿಪೋ ಎಂಬ ಪುಟ್ಟ ಜೀನ್ ಕೂಡ ಪಿ3 ಎಂಬ ಪ್ರೋಟೀನಿನ ಭಾಗದೊಳಗೆ ತನ್ನ ಜಾಗದಲ್ಲೇ ಇದೆ. 5' ತುದಿಯಲ್ಲಿ, ಅಂದರೆ ಜೀನೋಮಿನ ಆರಂಭದಲ್ಲಿ, ಮಾತ್ರ ರೀಡ್‌ಗಳು ತೀರ ವಿರಳ. ತುದಿಗಳನ್ನು ಪತ್ತೆಹಚ್ಚುವ ರೇಸ್ ಎಂಬ ಪ್ರಯೋಗಾಲಯ ವಿಧಾನದಿಂದ ದೃಢಪಡಿಸದೆ ಆ ಅಕ್ಷರಗಳನ್ನು ಖಚಿತವೆನ್ನಲಾಗದ ಕಾರಣ ಅವುಗಳನ್ನು ಹೋಲಿಕೆಯಿಂದ ಹೊರಗಿಟ್ಟಿದ್ದೇನೆ.

ಈ ವೈರಸ್ಸಿನ 'ಓ' ಮತ್ತು 'ಎನ್' ಎಂಬ ತಳಿಗುಂಪುಗಳ ಜೊತೆಗಿನ ಹೋಲಿಕೆಯೇ ಈ ಹಂತದ ನಿಜವಾದ ಫಲ. ಹೊರಕವಚದ ಪ್ರೋಟೀನಿನ ಜೀನ್‌ನಿಂದ ಬರೆದ ವಂಶವೃಕ್ಷದಲ್ಲಿ ಈ ಮಾದರಿ 'ಓ' ತಳಿಗಳ ಜೊತೆ ಕೂತರೆ, ಎಚ್‌ಸಿ-ಪ್ರೋ ಎಂಬ ಇನ್ನೊಂದು ಪ್ರೋಟೀನಿನ ಜೀನ್‌ನಿಂದ ಬರೆದದ್ದರಲ್ಲಿ 'ಎನ್' ತಳಿಗಳ ಜೊತೆ ಕೂರುತ್ತದೆ. ಸಾಲುಗೂಡಿಸಿದ ಜೀನೋಮ್‌ಗಳ ಮೇಲೆ ಕಿರುಕಿಟಕಿಯೊಂದನ್ನು ಸರಿಸುತ್ತ ಸಾಮ್ಯವನ್ನು ಅಳೆದಾಗ, ಸುಮಾರು 2,400ನೆಯ ನ್ಯೂಕ್ಲಿಯೋಟೈಡಿನವರೆಗೆ 'ಎನ್' ಹತ್ತಿರವಿದ್ದು, ಅಲ್ಲಿಂದಾಚೆಗೆ 'ಓ' ಹತ್ತಿರವಾಯಿತು. ಎಚ್‌ಸಿ-ಪ್ರೋ ಮತ್ತು ಪಿ3 ಸೇರುವ ಈ ಜಾಗ ಮರುಸಂಯೋಜನೆಗೆ, ಅಂದರೆ ಎರಡು ತಳಿಗಳ ಜೀನೋಮ್ ಭಾಗಗಳು ಬೆಸೆದುಕೊಳ್ಳುವುದಕ್ಕೆ, ಹೆಸರಾದದ್ದೇ. ಆದರೂ ಒಂದೇ ಗಿಡದಲ್ಲಿ ಎರಡೂ ತಳಿಗಳಿದ್ದು, ತಂತ್ರಾಂಶವೇ ಅವನ್ನು ಬೆಸೆದಿರಬಹುದೆಂಬ ಸಂಶಯ ಉಳಿಯುತ್ತದೆ. ಅದಕ್ಕಾಗಿ ಈ ಸಂಧಿಯನ್ನು (ಎರಡು ಭಾಗ ಸೇರುವ ಜಾಗವನ್ನು) ದಾಟುವ ರೀಡ್‌ಗಳನ್ನೇ ತೆರೆದು ನೋಡಿದೆ: ಒಂದೇ ರೀಡಿನ ಎಡಕ್ಕೆ 'ಎನ್' ಗುರುತಿನ ಅಕ್ಷರಗಳು, ಬಲಕ್ಕೆ 'ಓ' ಗುರುತಿನವು, ರೀಡ್‌ಗಳ ಆಳವೂ (ಒಂದು ಜಾಗವನ್ನು ಎಷ್ಟು ರೀಡ್‌ಗಳು ಆವರಿಸಿವೆ ಎಂಬುದೂ) ಅಲ್ಲಿ ಏರುಪೇರಾಗಿಲ್ಲ. ಬೆಸುಗೆ ವೈರಸ್ಸಿನದೇ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ, ಮತ್ತು ಆ ರೀಡ್‌ಗಳನ್ನು ಕಂಡಾಗ ಆದ ಸಂತೋಷ ಸಣ್ಣದಲ್ಲ.

ಇಂಥ ತಳಿಯನ್ನು ಹೊರಕವಚ ಗುರುತಿಸುವ ಆ್ಯಂಟಿಬಾಡಿ ಪರೀಕ್ಷೆ 'ಓ' ಎಂದೇ ತೋರಿಸುತ್ತದೆ, ತಂಬಾಕಿನ ಎಲೆಯಲ್ಲಾದರೋ ಅದು 'ಎನ್'ನಂತೆಯೇ ನರಗಳನ್ನು ಕಪ್ಪಾಗಿಸಿ ಸಾಯಿಸುತ್ತದೆ. ಒಂದೇ ಜೀನ್ ನೋಡಿ ತಳಿ ನಿರ್ಧರಿಸುವುದು ಸಾಲದೆಂಬುದಕ್ಕೆ ನನ್ನ ಮಟ್ಟಿಗೆ ಇಷ್ಟೇ ಸಾಕು. ಮುಂದಿನ ಹಂತದಲ್ಲಿ ಸಾಲುಗಳನ್ನು ಸಂಧಿಯಲ್ಲಿ ಇಬ್ಭಾಗಿಸಿ ವಂಶವೃಕ್ಷ ಬರೆಯುವ ಐಕ್ಯೂ-ಟ್ರೀ ತಂತ್ರಾಂಶದಲ್ಲಿ ಎರಡು ವೃಕ್ಷಗಳನ್ನು ಬೇರೆಬೇರೆಯಾಗಿ ಬರೆದು, ಇನ್ನೂ ಹೆಚ್ಚು ಸಂಧಿಗಳಿರುವ 'ಎನ್‌ಟಿಎನ್' ತಳಿಗಳನ್ನು ಅವುಗಳಿಗೆ ಸೇರಿಸಲಿದ್ದೇನೆ.