ನೀಲ್ ಗೌನ ಊರಿಗೆ, ಅವನ ಶೋಕಗೀತೆಯ ಜೊತೆಗೆ

ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನ ಪಿಟೀಲುಗಾರ ನೀಲ್ ಗೌನ ಊರಿಗೆ ಹೊರಡುವ ಮುನ್ನ ಎಡಿನ್‌ಬರೋದ ಕ್ವೀನ್ ಸ್ಟ್ರೀಟಿನಲ್ಲಿರುವ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿಗೆ ಹೋಗಬೇಕು. ಹೆನ್ರಿ ರೇಬರ್ನ್ ಬರೆದ ಗೌನ ಚಿತ್ರ ಅಲ್ಲಿದೆ. ಚೌಕಳಿ ಬಟ್ಟೆಯ ಚಲ್ಲಣ ತೊಟ್ಟ ಮುದುಕ ಕುರ್ಚಿಯಲ್ಲಿ ಕೂತು ಪಿಟೀಲು ನುಡಿಸುತ್ತಿದ್ದಾನೆ. ಗದ್ದಕ್ಕೆ ಆಸರೆಯ ಪಟ್ಟಿಯಿಲ್ಲ. ಅದು ಬಳಕೆಗೆ ಬಂದದ್ದು ಅವನು ತೀರಿಕೊಂಡ ಮೇಲೆ, 1820ರ ಸುಮಾರಿಗೆ. ಗದ್ದದಿಂದ ಪಿಟೀಲನ್ನು ಬಿಗಿಯಾಗಿ ಹಿಡಿಯಲಾಗದೆ ಎಡಗೈಯೇ ಅದನ್ನು ಹೊರಬೇಕಾದ್ದರಿಂದ, ಅವನ ಧಾಟಿಗಳಲ್ಲಿ ಆ ಕೈ ಹೆಚ್ಚಾಗಿ ಕೆಳಗಿನ ಸ್ಥಾನದಲ್ಲೇ, ಅಂದರೆ ತಂತಿ ಬಿಗಿಸುವ ತಿರುಪುಗಳ ಹತ್ತಿರವೇ, ಇರುವುದು ಸಹಜವೇ.

ವೇವರ್ಲಿ ನಿಲ್ದಾಣದಿಂದ ಪರ್ತ್ ಮೂಲಕ ಇನ್‌ವರ್ನೆಸ್ ಕಡೆಗೆ ಹೋಗುವ ರೈಲು ಹತ್ತಿ ಡಂಕೆಲ್ಡ್-ಬರ್ನಮ್‌ನಲ್ಲಿ ಇಳಿಯಬೇಕು. ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ. ವೇಳಾಪಟ್ಟಿಯಲ್ಲಿ ಹಿಂತಿರುಗುವ ರೈಲನ್ನೂ ಮೊದಲೇ ನೋಡಿಕೊಳ್ಳಿ. ನಿಲ್ದಾಣ ಇರುವುದು ಬರ್ನಮ್ ಕಡೆ. ಡಂಕೆಲ್ಡ್ ಪೇಟೆಗೆ ಸುಮಾರು ಒಂದು ಮೈಲಿ ನಡೆದು, ಥಾಮಸ್ ಟೆಲ್ಫರ್ಡ್ 1809ರಲ್ಲಿ ಮುಗಿಸಿದ ಸೇತುವೆಯ ಮೇಲೆ ಟೇ ನದಿಯನ್ನು ದಾಟಬೇಕು. ಸೇತುವೆಯ ಈಚೆ, ದಕ್ಷಿಣ ದಡದಲ್ಲೇ ಲಿಟಲ್ ಡಂಕೆಲ್ಡ್ ಚರ್ಚು. 1807ರ ಮಾರ್ಚ್ 1ರಂದು ತೀರಿಕೊಂಡ ಗೌನನ್ನು ಮಣ್ಣು ಮಾಡಿದ್ದು ಈ ಚರ್ಚಿನ ಅಂಗಳದಲ್ಲಿ.

ಪಶ್ಚಿಮಕ್ಕೆ ನಡೆದರೆ ಇನ್‌ವರ್, ಬ್ರಾನ್ ಹೊಳೆ ಟೇ ನದಿಯನ್ನು ಕೂಡುವ ಹಳ್ಳಿ. ನಡುವೆ ಎ9 ಹೆದ್ದಾರಿ ಹಾಯುತ್ತದೆ. ಅದರ ಅಂಚಿನಲ್ಲಿ ನಡೆಯಬೇಡಿ, ಗುರುತು ಹಾಕಿದ ಕಾಲುದಾರಿಯಲ್ಲೇ ಹೋಗಿ. ನೇಯ್ಗೆ ಕಲಿತ ಗೌ ಬಾಳಿದ್ದು, ಕೊನೆಯುಸಿರೆಳೆದದ್ದು ಇಲ್ಲೇ. 1787ರಲ್ಲಿ ಕವಿ ರಾಬರ್ಟ್ ಬರ್ನ್ಸ್ ಇಲ್ಲಿಗೇ ಬಂದು ಅವನ ಪಿಟೀಲು ಕೇಳಿದ. ಮನೆ ಈಗ ಖಾಸಗಿಯವರದು, ಹೊರಗಿನಿಂದಲೇ ನೋಡಬೇಕು. ನದಿಯ ದಡದಲ್ಲಿ ಅವನ ಹೆಸರಿನ ಓಕ್ ಮರವಿದೆ. ಅದರ ಕೆಳಗೆ ಕೂತು ಧಾಟಿ ಕಟ್ಟುತ್ತಿದ್ದನೆಂಬ ಪ್ರತೀತಿ.

ಕಲಿಯುವವರು ಇಲ್ಲಿ ಕೂತು ಮೆಲುಕು ಹಾಕಬೇಕಾದ ಧಾಟಿಯೆಂದರೆ ಅವನು ಎರಡನೆಯ ಹೆಂಡತಿ ಮಾರ್ಗರೆಟ್ ಅರ್ಕರ್ಟ್‌ಗಾಗಿ ಕಟ್ಟಿದ ಶೋಕಗೀತೆ. 1768ರಲ್ಲಿ ಮದುವೆ, 1805ರಲ್ಲಿ ಅವಳ ಸಾವು. ಆಗ ಗೌಗೆ ಎಪ್ಪತ್ತೆಂಟು. ಧಾಟಿ ಡಿ ಮೇಜರ್‌ನಲ್ಲಿದೆ, ಸ್ವರಗಳ ಲೆಕ್ಕದಲ್ಲಿ ನಮ್ಮ ಶಂಕರಾಭರಣ. ಶೋಕಕ್ಕೆ ಈ ಸ್ವರಗಳೇ ಎಂದು ಮೊದಲ ಸಲ ಕೇಳಿದವರಿಗೆ ಅಚ್ಚರಿಯಾಗಬಹುದು. ಆದರೆ ಅದರ ಹಿರಿಮೆ ಇರುವುದೇ ಅಲ್ಲಿ: ಅಳುವನ್ನು ಅದು ಮೇಲೆ ಹೇರಿಕೊಳ್ಳುವುದಿಲ್ಲ.

ನುಡಿಸುವಾಗ ಬಹುತೇಕ ಎಡವುವುದು ಕಾಲಪ್ರಮಾಣದಲ್ಲಿ. ಒಂದು ಆವರ್ತಕ್ಕೆ ಆರು ಎಣಿಕೆ, ಮೂರು ಮೂರರ ಎರಡು ಗುಂಪು. ಶೋಕವೆಂದು ತೀರಾ ವಿಳಂಬಕ್ಕೆ ಇಳಿದರೆ ಆರೂ ಎಣಿಕೆಗಳು ಬಿಡಿಬಿಡಿಯಾಗಿ ತೂಗಾಟ ಸತ್ತುಹೋಗುತ್ತದೆ. ಕಾಲಲ್ಲಿ ಎರಡೇ ತಟ್ಟುಗಳನ್ನು ಹಿಡಿದುಕೊಂಡು, ಅವೆರಡೂ ಕೇಳುವಷ್ಟು ಮಾತ್ರ ನಿಧಾನವಾಗಿ ನುಡಿಸಿ. ಎರಡನೆಯ ತಪ್ಪು, ಪ್ರತಿ ಸ್ವರಕ್ಕೂ ಬೆರಳು ಅಲುಗಾಡಿಸುವುದು. ಉದ್ದ ಸ್ವರಗಳಿಗೆ ಮಾತ್ರ, ಅದೂ ಕಮಾನು ಅರ್ಧ ಹಾದಿ ಸವೆಸಿದ ಮೇಲೆ ಸ್ವಲ್ಪ ಅಲುಗಿಸಿದರೆ ಸಾಕು. ಡಿ ಮತ್ತು ಎ ಖಾಲಿ ತಂತಿಗಳು ತಾವಾಗಿ ಮೊಳಗುತ್ತವೆ, ಅವನ್ನು ಬೆರಳಿನಿಂದ ಅಡಗಿಸಬೇಡಿ. ಕರ್ನಾಟಕ ಸಂಗೀತಕ್ಕೆ ಸ-ಪ-ಸ-ಪ ಶ್ರುತಿ ಮಾಡಿಕೊಂಡವರು ತಂತಿಗಳನ್ನು ಜಿ-ಡಿ-ಎ-ಇ ಸ್ವರಗಳಿಗೆ ಮೊದಲು ಬದಲಿಸಿಕೊಳ್ಳಬೇಕು. ಗಮಕವೂ ಬೇಡ, ಸ್ವರದಿಂದ ಸ್ವರಕ್ಕೆ ಬೆರಳು ಜಾರಿದರೆ ಧಾಟಿಯ ಗೆರೆ ಅಳಿಸಿಹೋಗುತ್ತದೆ.

ಕಮಾನನ್ನು ಮೇಲಕ್ಕೆ ತಳ್ಳುವ ಎಳೆತದ ಬಲಕ್ಕೆ ಗೌ ಹೆಸರುವಾಸಿ. ಸ್ಟ್ರಾತ್‌ಸ್ಪೇ ಎಂಬ ಕುಣಿತದ ಧಾಟಿಗಳಿಗೆ ಕಸುವು ಬರುವುದು ಅದರಿಂದ: ಚಿಕ್ಕ ಸ್ವರ, ಒಡನೆ ಉದ್ದ ಸ್ವರ, ಆ ಕುಕ್ಕು. ಶೋಕಗೀತೆಗೆ ಆ ಕುಕ್ಕನ್ನು ತರಬಾರದು, ಆದರೆ ಮೇಲೆಳೆತದ ಕೊನೆಯಲ್ಲಿ ನಾದ ಬಡವಾಗದಂತೆ ನೋಡಿಕೊಳ್ಳುವ ಅವನ ಬಿಗಿ ಇಲ್ಲೂ ಬೇಕು.

ಸಮಯವಿದ್ದರೆ ಬ್ರಾನ್ ಹೊಳೆಯ ಪಕ್ಕದ ಹರ್ಮಿಟೇಜ್ ಕಾಡಿಗೆ ಹೋಗಿ. ಆಥಲ್ ಡ್ಯೂಕ್ ಮನೆತನ 1757ರಲ್ಲಿ ಕಟ್ಟಿಸಿದ ಆಸಿಯನ್ಸ್ ಹಾಲ್ ಎಂಬ ಮಂಟಪದಿಂದ ಕೆಳಗಿನ ಜಲಪಾತ ಚೆನ್ನಾಗಿ ಕಾಣುತ್ತದೆ. ಅದೇ ರೈಲು ಮಾರ್ಗದಲ್ಲಿ ಮುಂದೆ ಪಿಟ್ಲೋಕ್ರಿ ದಾಟಿದರೆ ಬ್ಲೇರ್ ಆಥಲ್. ಗೌನನ್ನು ಪೋಷಿಸಿದ ಆಥಲ್ ಡ್ಯೂಕರ ಕೋಟೆಯಲ್ಲಿ ಅವನ ಪಿಟೀಲನ್ನು ಇಟ್ಟಿದ್ದಾರೆ. ಚಳಿಗಾಲದಲ್ಲಿ ಕೋಟೆ ಬಹುಮಟ್ಟಿಗೆ ಮುಚ್ಚಿರುತ್ತದೆ, ತೆರೆದಿರುವ ದಿನ ವಿಚಾರಿಸಿಯೇ ಟಿಕೆಟ್ ತೆಗೆಸಿ.